ಅಳಿಯನ ಹಿಂದಿನ ಚಕ್ರ

ಅಳಿಯ ಕೆಂಡಲ್ ಎಲ್ಲಿ ಹೋದರೂ ತನ್ನ ಬೈಕನ್ನು ಗೋಡೆಗೆ ಬೆನ್ನು ಕೊಟ್ಟೇ ನಿಲ್ಲಿಸುತ್ತಾನೆ ಎಂಬುದು ಆರ್ಲಿಸ್‌ಗೆ ಹೊಳೆದದ್ದು ಹೋಟೆಲಿನಲ್ಲಿ ತಿಂಡಿಗೆ ಕೂತಾಗ. ಅದುವರೆಗೆ ಎಷ್ಟೋ ಭಾನುವಾರ ನೋಡಿದ್ದರೂ ಗಮನಕ್ಕೆ ಬಂದಿರಲಿಲ್ಲ. ಒಮ್ಮೆ ಬಂದ ಮೇಲೆ ಕೇಳಬೇಕೆ, ಫೋರ್ಕು ಕೆಳಗಿಟ್ಟುಬಿಟ್ಟ.

ಯಾಕೆಂದರೆ ಲೆಕ್ಕ ಕೂಡಿ ಬರುತ್ತಿತ್ತು. ಕೆಂಡಲ್‌ನ ಬೈಕಿನ ಹಿಂದೆ ನೇತಾಡುವ ರಬ್ಬರಿನ ಮಡ್‌ಗಾರ್ಡ್ ನೆಲ ಗುಡಿಸುವಷ್ಟು ಉದ್ದವಿತ್ತು. ಭಾನುವಾರ ಸವಾರಿ ಹೋಗುವ ಗುಂಪಿನಲ್ಲಿ ಎಲ್ಲರೂ ಬೇಸಿಗೆಗೊಮ್ಮೆ ಹಿಂದಿನ ಟೈರು ಬದಲಿಸಿ ಗೊಣಗಿದರೆ ಈ ಪುಣ್ಯಾತ್ಮ ಮಾತ್ರ ಗೊಣಗಿದ್ದೇ ಇಲ್ಲ. ತಿರುವಿನಲ್ಲಿ ಅವನ ಬೈಕು ಮಲಗಲು ಒಲ್ಲೆ ಎಂಬಂತೆ ಒಂದು ಕ್ಷಣ ಸೆಟೆದು ನಿಂತು ಆಮೇಲೆ ವಾಲುತ್ತಿತ್ತು. ಇವನು ಹಿಂದಿನ ಚಕ್ರಕ್ಕೆ ಕಾರಿನ ಟೈರು ಹಾಕಿಸಿದ್ದಾನೆ!

ಅಮೆರಿಕದ ಅರ್ಕನ್ಸಾದ ಆ ಗುಡ್ಡಗಳಲ್ಲಿ ದೊಡ್ಡ ಬೈಕಿನ ಸವಾರರ ನಡುವೆ ಜಾತಿಗಳೆರಡೇ. ಹಿಂದೆ ಕಾರಿನ ಟೈರು ಹಾಕಿಸಿಕೊಂಡವರು, ಹಾಕಿಸದವರು. ಹಾಕಿಸಿದವರನ್ನು 'ಕತ್ತಲೆ ಕಡೆಗೆ ಹೋದವರು' ಎನ್ನುತ್ತಾರೆ. ಟೈರು ಬೇಗ ಸವೆಯುವುದಿಲ್ಲ, ಭಾರ ತಡೆಯುತ್ತದೆ ಎಂದು ಅವರ ವಾದ. ಬೈಕಿನ ಟೈರು ದುಂಡಗಿರುವುದೇ ತಿರುವಿನಲ್ಲಿ ಮಗ್ಗುಲಿಗೆ ಉರುಳಲಿ ಅಂತ, ಚಪ್ಪಟೆ ಟೈರಿನಲ್ಲಿ ವಾಲಿದರೆ ತಗಡಿನ ಡಬ್ಬಿಯನ್ನು ಅಂಚಿನ ಮೇಲೆ ಉರುಳಿಸಿದಂತೆ ಎಂದು ಆರ್ಲಿಸ್‌ನ ವಾದ. ಭಾನುವಾರದ ಸವಾರಿಗೆ ಅವನೇ ಮುಂದಾಳು. ಕಾರಿನ ಟೈರಿನವರು ತನ್ನ ಹಿಂದೆ ಬರಕೂಡದು ಎಂದು ಅವನು ಕಟ್ಟಪ್ಪಣೆ ಮಾಡಿ ವರ್ಷಗಳಾಗಿದ್ದವು. ತಾನು ಮಾತ್ರ ಅಂಥ ಬೈಕನ್ನು ಒಮ್ಮೆಯೂ ಹತ್ತಿ ನೋಡಿದವನಲ್ಲ.

ಇದು ಬೇರೆ ಯಾರದೋ ಬೈಕಾಗಿದ್ದರೆ ಬೈದು ಮನೆಗೆ ಕಳಿಸಿ ಮರೆತುಬಿಡುತ್ತಿದ್ದ. ಆದರೆ ಆ ಬೈಕಿನ ಹಿಂದಿನ ಸೀಟಿನಲ್ಲಿ ಕೂರುವವಳು ಕಾರ್ಲಾ. ಹೆಂಡತಿ ಹೋದ ಮೇಲೆ ಅವನಿಗೆ ಈ ಲೋಕದಲ್ಲಿ ಉಳಿದವಳು ಆ ಮಗಳೊಬ್ಬಳೇ.

"ಹಿಂದಿನ ಟೈರು ಯಾವಾಗ ಹಾಕ್ಸಿದ್ದಪ್ಪಾ?" ಎಂದ, ಉಪ್ಪಿನ ಡಬ್ಬಿ ಕೇಳಿದಷ್ಟು ಸಲೀಸಾಗಿ.

"ಈಚೆಗೇ ಸಾರ್."

"ಈಚೆಗೆ ಅಂದ್ರೆ?"

"ಈಚೆಗೆ ಅಂದ್ರೆ... ಈಚೆಗೇ ಸಾರ್." ಕೆಂಡಲ್ ಕಾಫಿ ಲೋಟದ ತಳ ನೋಡಿದ.

ಮದುವೆಯಾಗಿ ಇಷ್ಟು ದಿನವಾದರೂ ಸಾರ್ ಸಾರ್ ಎನ್ನುವ ಅಳಿಯನನ್ನು ಯಾವ ಮಾವ ನಂಬುತ್ತಾನೆ? ಬೆಣ್ಣೆಯಂಥ ಮಾತಿನ ಕೆಳಗೆ ಏನೋ ಇದ್ದೇ ಇರುತ್ತದೆ.

"ಅಪ್ಪಾ, ತಿನ್ನೋವಾಗ್ಲೂ ಟೈರೇನಾ? ಸಿಹಿಗೆ ಪೈ ತರ್ಸ್ಲಾ? ಪೀಕನ್ ಬೀಜದ್ದು ಇದ್ಯಂತೆ," ಎಂದಳು ಕಾರ್ಲಾ, ಸ್ವಲ್ಪ ಹೆಚ್ಚೇ ಅವಸರದಿಂದ. ಆ ಅವಸರವೂ ಆರ್ಲಿಸ್‌ನ ಲೆಕ್ಕಕ್ಕೆ ಸೇರಿಕೊಂಡಿತು.

ಪೈ ಬರುವ ಮೊದಲೇ ಅವನು ಹೊರಗೆ ಬಂದ. ಅತ್ತಿತ್ತ ನೋಡಿ, ಕೆಂಡಲ್‌ನ ಬೈಕಿನ ಪಕ್ಕ ಅಂಗಾತ ಮಲಗಿ ಗೋಡೆಯ ಸಂದಿಗೆ ತಲೆ ತೂರಿಸಿದ. ಮಡ್‌ಗಾರ್ಡು, ಎರಡೂ ಬದಿಯ ಸಾಮಾನಿನ ಪೆಟ್ಟಿಗೆ, ಕತ್ತಲೆ. ಚಕ್ರ ಮಾತ್ರ ಕಾಣಲೊಲ್ಲದು.

"ಏನ್ ಕಳ್ಕೊಂಡ್ಯೋ?" ಎಂಬ ದನಿ ಕೇಳಿತು. ವಿಲ್ಮಾ. ಮೂರು ಚಕ್ರದ ಬೈಕಿನಲ್ಲಿ ಗುಂಪಿನ ಕೊನೆಗೆ ಬರುವವಳು, ಹಿಂದೆ ಬಿದ್ದವರನ್ನು ಕಾಯುವುದು ಅವಳ ಕೆಲಸ.

"ಕೀ."

"ಕೀ ನಿನ್ನ ಕೈಯಲ್ಲೇ ಇದ್ಯಲ್ಲೋ! ಏಳು ಮೇಲೆ, ನಾಲ್ಕು ಜನ ನೋಡಿದ್ರೆ ನಗ್ತಾರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅನುಮಾನ ಇದ್ರೆ ಬಾಯ್ಬಿಟ್ಟು ಕೇಳು."

"ಕೇಳ್ದೆ. ಸುಳ್ಳು ಹೇಳ್ತಾನೆ."

"ಇನ್ನೇನ್ ಮಾಡ್ತಾನೆ ಪಾಪ? ನಿಜ ಹೇಳಿದ್ರೆ ಮನೆಗೆ ಅಟ್ತೀಯ."

ಆರ್ಲಿಸ್ ದಡಕ್ಕನೆ ಎದ್ದು ಕೂತ. "ಅಂದ್ರೆ ನಿಂಗೆ ಗೊತ್ತು!"

"ನಂಗೇನೂ ಗೊತ್ತಿಲ್ಲ ಮಾರಾಯಾ," ಎಂದು ವಿಲ್ಮಾ ಗ್ಲೌಸ್ ಹಾಕಿಕೊಳ್ಳುತ್ತ ನಡೆದಳು. ಅಲ್ಲಿಗೆ ಅವಳೂ ಕಳ್ಳರ ಪಟ್ಟಿಗೆ ಸೇರಿದಳು.

ಹೊರಡುವಾಗ ಆರ್ಲಿಸ್ ಯಾವತ್ತೂ ಮಾಡದ ಕೆಲಸ ಮಾಡಿದ. "ಕೆಂಡಲ್, ಇವತ್ತು ನೀನು ಮುಂದೆ ಹೋಗು. ದಾರಿ ನಿಂಗೂ ರೂಢಿ ಆಗ್ಲಿ," ಎಂದ. ಗುಂಪಿನವರೆಲ್ಲ ಹುಬ್ಬೇರಿಸಿದರು. ಮುಂದಾಳತ್ವವನ್ನು ಜ್ವರ ಬಂದಾಗಲೂ ಬಿಟ್ಟುಕೊಡದ ಮನುಷ್ಯ. ಕಾರ್ಲಾಳ ಮುಖ ಅರಳಿತು. "ನಿಜವಾಗ್ಲೂ ಅಪ್ಪಾ?" ಎಂದು ಅವನ ಕೆನ್ನೆಗೆ ಮುತ್ತು ಕೊಟ್ಟಳು. ಅವನಿಗೆ ಕೊಂಚ ಕಸಿವಿಸಿಯಾಯಿತು, ಆದರೆ ತಲೆಗೆ ಅನುಮಾನದ ಹುಳ ಹೊಕ್ಕಾಗಿತ್ತು.

ಗುಡ್ಡದ ರಸ್ತೆ ಸುತ್ತು ಬಳಸಿ ಏರುತ್ತಿತ್ತು. ಅಕ್ಟೋಬರ್, ಎಲೆಗಳೆಲ್ಲ ಕೆಂಪು ತಿರುಗಿದ್ದವು. ಆರ್ಲಿಸ್ ಒಂದು ಎಲೆಯನ್ನೂ ನೋಡಲಿಲ್ಲ. ಮುಂದೆ ಕೆಂಡಲ್‌ನ ಬೈಕು ವಾಲಿದಾಗ ಗಾಳಿಗೆ ಮಡ್‌ಗಾರ್ಡು ಒಂದಿಷ್ಟು ಎತ್ತುತ್ತಿತ್ತು. ಆಗ ಒಂದು ಕಪ್ಪು ಅಂಚು ಕಂಡಂತಾಗುತ್ತಿತ್ತು. ದುಂಡಗೋ, ಚಪ್ಪಟೆಯೋ? ಮುಂದಿನ ತಿರುವಿನಲ್ಲಿ ಇನ್ನಷ್ಟು ಹತ್ತಿರವಾದ. ಮತ್ತೆ ಕಂಡಂತಾಯಿತು, ಮತ್ತೆ ಮುಚ್ಚಿಕೊಂಡಿತು. ಇನ್ನೊಂದು ಮಾರು ಹತ್ತಿರವಾದ.

'ಮುಂದಿನವರ ಬೆನ್ನಿಗೆ ಅಂಟ್ಕೋಬೇಡಿ, ಅವರು ನಿಂತ್ರೆ ನೀವೂ ನಿಲ್ಲೋಕೆ ಜಾಗ ಇರ್ಬೇಕು.' ಪ್ರತಿ ಭಾನುವಾರ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಈ ಮಂತ್ರ ಹೇಳುತ್ತಿದ್ದವನು ಅವನೇ.

ಹೆಲ್ಮೆಟ್ಟಿನ ರೇಡಿಯೋದಲ್ಲಿ ವಿಲ್ಮಾ ಕೆಣಕಿದಳು. "ಏನೋ ಆರ್ಲಿಸ್, ಅವರ ಪೆಟ್ಟಿಗೆ ಒಳಗೇ ಹತ್ತಿ ಕೂತ್ಕೊಳ್ತೀಯಾ?"

"ನಿನ್ನ ಕೆಲಸ ನೋಡ್ಕೋ."

"ಇದೇ ನನ್ನ ಕೆಲಸ. ದೂರ ಬಿಡೋ."

ಬಿಡಲಿಲ್ಲ. ತಿರುವು ಮುಗಿದು ರಸ್ತೆ ನೆಟ್ಟಗಾಗುವಷ್ಟರಲ್ಲಿ ಎಡಗಡೆಯ ಕಾಡಿನಿಂದ ಜಿಂಕೆಯೊಂದು ಚಂಗನೆ ರಸ್ತೆಗೆ ಹಾರಿತು. ಕೆಂಡಲ್ ಬ್ರೇಕ್ ಒತ್ತಿದ. ಅಷ್ಟು ಭಾರದ ಬೈಕು, ಇಬ್ಬರನ್ನು ಹೊತ್ತು, ಜಾರದೆ ಅಲುಗದೆ ಕಚ್ಚಿ ನಿಂತಿತು. ಜಿಂಕೆ ಅವರ ಮುಂದಿನ ಚಕ್ರ ಸವರಿಕೊಂಡು ಪಾರಾಯಿತು.

ಆರ್ಲಿಸ್‌ನ ಕಣ್ಣು ಇನ್ನೂ ಮಡ್‌ಗಾರ್ಡಿನ ಮೇಲೇ ಇತ್ತು. ಬ್ರೇಕಿಗೆ ಕೈ ಹಾಕುವಷ್ಟರಲ್ಲಿ ಅವನ ಚಕ್ರ ಅವರ ಎಡಗಡೆಯ ಪೆಟ್ಟಿಗೆಗೆ ಅಪ್ಪಳಿಸಿತು. ಪೆಟ್ಟಿಗೆ ಕಿತ್ತು ಹೋಯಿತು, ಬೈಕು ಉರುಳಿತು, ಕಾರ್ಲಾ ಎಗರಿ ರಸ್ತೆಯಂಚಿನ ಜಲ್ಲಿಯ ಮೇಲೆ ಬಿದ್ದಳು.

ಅವನೂ ಬಿದ್ದಿದ್ದ. ಎದ್ದ. ಎದ್ದವನ ಕಣ್ಣೆದುರಿಗೇ ಅಳಿಯನ ಹಿಂದಿನ ಚಕ್ರ ಮೇಲಾಗಿ ಇನ್ನೂ ಮೆಲ್ಲಗೆ ತಿರುಗುತ್ತಿತ್ತು. ಅಗಲವಾಗಿ, ಚಪ್ಪಟೆಯಾಗಿ, ಮುಚ್ಚುಮರೆಯಿಲ್ಲದೆ.

"ನಾನು ಹೇಳಿರ್ಲಿಲ್ವಾ!" ಎಂದು ಕೂಗಿದ. "ಕಾರ್ ಟೈರು! ನೋಡ್ರೋ, ಕಾರ್ ಟೈರು!"

ಬಾಯಿಂದ ಹೊರಟ ಮೊದಲ ಮಾತು ಅದು. ಮಗಳ ಹೆಸರಲ್ಲ. ಥೂ, ಇಂಥ ಬಾಯಿಗೆ ಏನನ್ನಬೇಕು! ಅದು ಅವನ ಕಿವಿಗೂ ಬಿತ್ತು, ಬಿದ್ದ ಮೇಲೇ ಅವನು ಮಗಳತ್ತ ತಿರುಗಿದ.

ಕಾರ್ಲಾ ಬಲಗೈಯಲ್ಲಿ ಎಡಗೈಯನ್ನು ಹಿಡಿದು ಕೂತಿದ್ದಳು. ಮಣಿಕಟ್ಟು ಬಾಗಬಾರದ ಕಡೆಗೆ ಬಾಗಿತ್ತು. ಅವಳತ್ತ ಓಡಿದ ಆರ್ಲಿಸ್‌ನ ಎದೆಗೆ ಕೆಂಡಲ್ ಅಂಗೈ ಇಟ್ಟು ತಡೆದ.

"ದೂರ ನಿಲ್ಲು ಆರ್ಲಿಸ್." ಸಾರ್ ಇರಲಿಲ್ಲ.

"ಆ ಟೈರು..." ಎಂದು ಆರ್ಲಿಸ್ ತೊದಲಿದ.

"ಟೈರು ನಿಂತ್ಕೊಳ್ತಪ್ಪಾ," ಎಂದಳು ಕಾರ್ಲಾ, ಹಲ್ಲು ಕಚ್ಚಿ. "ನಿಲ್ದೇ ಇದ್ದೋನು ನೀನು." ಸ್ವಲ್ಪ ಉಸಿರೆಳೆದುಕೊಂಡಳು. "ಹಾಕ್ಸಿದ್ದು ಇವನಲ್ಲ, ನಾನು. ಭಾರ ತಡೀಲಿ, ಭದ್ರವಾಗಿರ್ಲಿ ಅಂತ. ನಿಂಗೆ ಹೇಳಿದ್ರೆ ನಮ್ಮನ್ನ ಗುಂಪಿಂದ ಆಚೆ ಹಾಕ್ತಿದ್ದೆ. ಭಾನುವಾರ ಬಿಟ್ರೆ ನಿನ್ನ ಮುಖ ನಂಗೆಲ್ಲಿ ಸಿಗುತ್ತೆ ಹೇಳು? ಅದಕ್ಕೇ ಮುಚ್ಚಿಟ್ವಿ."

ಆರ್ಲಿಸ್ ಕಿತ್ತುಹೋದ ಪೆಟ್ಟಿಗೆಯನ್ನು ಎತ್ತಿ ರಸ್ತೆಯಂಚಿಗಿಟ್ಟ. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು, ಬೇಲಿ ತಾನೇ ಆಗಿದ್ದ.

ಆ ದಾರಿಯಲ್ಲಿ ಬಂದ ಪಿಕಪ್ ಗಾಡಿಯವನೊಬ್ಬ ನಿಲ್ಲಿಸಿದ. ಕೆಂಡಲ್ ಹೆಂಡತಿಯನ್ನು ಮೆಲ್ಲಗೆ ಎತ್ತಿ ಕೂರಿಸಿ ತಾನೂ ಹತ್ತಿದ.

"ನಾನು ನಿಮ್ಮ ಹಿಂದೇನೇ ಬರ್ತೀನಿ," ಎಂದ ಆರ್ಲಿಸ್.

ಕಾರ್ಲಾ ಅವನನ್ನು ನೋಡಿದಳು. ಕಣ್ಣಲ್ಲಿ ಕೋಪವಿರಲಿಲ್ಲ, ಹೆದರಿಕೆಯಿತ್ತು. "ಹಿಂದೆ ಬರ್ಬೇಡಪ್ಪಾ," ಎಂದಳು. ಗಾಡಿ ಹೊರಟಿತು.

ಅವನ ಬೈಕಿನ ಮುಂದಿನ ಚಕ್ರ ಸೊಟ್ಟಗಾಗಿತ್ತು. ವಿಲ್ಮಾ ಏನೂ ಹಂಗಿಸದೆ ತನ್ನ ಹಿಂದಿನ ಸೀಟು ತೋರಿಸಿದಳು. ಜೀವಮಾನದಲ್ಲಿ ಮೊದಲ ಸಲ ಆರ್ಲಿಸ್ ಇನ್ನೊಬ್ಬರ ಬೆನ್ನ ಹಿಂದೆ ಕೂತ. ಮುಂದೆ ಪಿಕಪ್ಪಿನ ಹಿಂಬದಿ ಕಾಣುತ್ತಿತ್ತು, ಗಾಜಿನೊಳಗೆ ಮಗಳ ತಲೆ ಅಳಿಯನ ಹೆಗಲಿಗೆ ಒರಗಿತ್ತು.

"ವಿಲ್ಮಾ, ಸ್ವಲ್ಪ ದೂರ ಬಿಡು," ಎಂದ.

ಅವಳು ನಿಧಾನಿಸಿದಳು.

"ಇನ್ನೂ ಸ್ವಲ್ಪ."

"ಇನ್ನೂ ಬಿಟ್ರೆ ಅವರು ಕಾಣೋದೇ ಇಲ್ವಲ್ಲೋ."

"ಕಾಣ್ದೇ ಇದ್ರೂ ಪರವಾಗಿಲ್ಲ," ಎಂದ ಆರ್ಲಿಸ್. "ಬಿಡು."