ಅಪ್ಪ ಕಾದ, ಅವ್ವ ಕೂಗಿದಳು

ಚಿಕ್ಕಂದಿನಲ್ಲಿ ನಾನು ಹುಣಸೆಮರ ಹತ್ತಿ ಇಳಿಯಲಾರದೆ ಅಳುತ್ತಿದ್ದರೆ ನಮ್ಮಪ್ಪ ಸಣ್ಣಯ್ಯ ಮರದ ಬುಡದಲ್ಲಿ ಕೂತು ಬೀಡಿ ಹಚ್ಚುತ್ತಿದ್ದ. “ಏರ್ದಂಗೇ ಇಳಿ ಕಣವ್ವ” ಅನ್ನುತ್ತಿದ್ದ, ಅಷ್ಟೇ. ನಮ್ಮವ್ವ ಚಿಕ್ಕಬೀರಮ್ಮ ಹೊಲದ ಆಚೆ ಕಡೆಯಿಂದಲೇ ಬೈದುಕೊಂಡು ಬಂದು, ಸೆರಗು ಸಿಕ್ಕಿಸಿ, ತಾನೇ ಮರ ಹತ್ತಿಬಿಡುತ್ತಿದ್ದಳು. ಇಬ್ಬರೂ ಸಾಯುವವರೆಗೆ ಹಾಗೇ ಇದ್ದರು.

ತೊಂಬತ್ಮೂರನೇ ಇಸವಿ ಇರಬೇಕು. ನನಗೆ ಮೂವತ್ತು ತುಂಬಿತ್ತು. ಗಂಡ ತೀರಿಕೊಂಡು ಬೆಟ್ಟದಪುರದ ಹತ್ತಿರದ ತವರಿಗೆ ಬಂದು ಎರಡು ವರ್ಷವಾಗಿತ್ತು. ಹೊಗೆಸೊಪ್ಪಿನ ಕಾಲದಲ್ಲಿ ಎಲೆ ಮುರಿಯುವುದು, ಕಡ್ಡಿಗೆ ಕಟ್ಟುವುದು ಎಲ್ಲ ಮಾಡುತ್ತಿದ್ದೆ. ಆದರೆ ಎಲೆ ಒಣಗಿಸಿ ಹದ ಮಾಡುವ ಎತ್ತರದ ಗೂಡುಮನೆ, ನಮ್ಮ ಬಾಯಲ್ಲಿ ಬ್ಯಾರನ್, ಅದರ ಬೆಂಕಿ ನೋಡುವುದು ಗಂಡಸರ ಕೆಲಸ. ಅದೊಂದು ಕೈಗೆ ಬಂದರೆ ಈ ಮನೆಯಲ್ಲಿ ನಾನು ಸುಮ್ಮನೆ ಕೂತು ಉಣ್ಣುವವಳಲ್ಲ ಅಂತ ನನಗೇ ಅನ್ನಿಸೀತು ಎಂಬ ಆಸೆ ಇತ್ತು. ಬಾಯಿಬಿಟ್ಟು ಹೇಳಿರಲಿಲ್ಲ.

ಆ ಸಲ ಎಲೆ ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಏರಿಸುವಾಗ ಅಪ್ಪ ಅಡ್ಡಗಳದಿಂದ ಜಾರಿ ಕಾಲು ಮುರಿದುಕೊಂಡ. ಬ್ಯಾರನ್ ತುಂಬಿಯಾಗಿತ್ತು. ಜಗಲಿ ಮೇಲೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ ಅಪ್ಪ, ನನ್ನ ಕಡೆ ಕೈ ತೋರಿಸಿ, “ಲಕ್ಸ್ಮಿ ಉರಿ ಆಕ್ತಾಳೆ ಬುಡು” ಅಂದ.

“ಇವಳಾ?” ಅಂದಳು ಅವ್ವ. “ಅನ್ನಕ್ಕೆ ಉರಿ ಎಷ್ಟು ಇಡಬೇಕು ಅಂತ ಗೊತ್ತಿಲ್ಲ ಇವಳ್ಗೆ. ಒಂದು ಬ್ಯಾರನ್ ಸೊಪ್ಪು ಓದ್ರೆ ಏನ್ ಮಾಡ್ತೀರಿ? ನಾನು ಸೋಮಯ್ಯಂಗೆ ಏಳಿ ಕಳಿಸ್ತೀನಿ.”

ಸೋಮಯ್ಯ ಪಕ್ಕದೂರಿನ ಬೆಂಕಿ ಕೆಲಸದವನು. ಹಾಲಿನ ವ್ಯಾನಿನವನ ಕೈಲಿ ಹೇಳಿಕಳಿಸಿದಳು. ಶುಕ್ರವಾರ ಬೆಳಿಗ್ಗೆ ಬರುತ್ತೇನೆ ಅಂದನಂತೆ. ಅಲ್ಲಿವರೆಗೆ ಬ್ಯಾರನ್ನಿನ ಒಲೆ ನನ್ನದು.

ಎರಡು ದಿನ ಚೆನ್ನಾಗಿಯೇ ನಡೆಯಿತು. ಸಣ್ಣ ಉರಿಯಲ್ಲಿ ಎಲೆ ಹಳದಿಗೆ ತಿರುಗಿತು. ಗಾಜಿನ ಕಿಂಡಿಯಲ್ಲಿ ಇಣುಕಿ ನೋಡಿ ನೋಡಿ ನನ್ನ ಹಣೆಗೆ ಮಸಿ ಮೆತ್ತಿಕೊಂಡಿತ್ತು. ಏನು ಕೇಳಿದರೂ ಅಪ್ಪ, “ಎಲೆ ನೋಡವ್ವ, ನನ್ನ ಯಾಕ್ ಕೇಳ್ತೀಯೆ” ಅನ್ನುತ್ತಿದ್ದ. ಅವ್ವ ಗಂಟೆಗೊಮ್ಮೆ ಬಂದು ಬೈದು, ಬೈಯುತ್ತಲೇ ಒಂದು ಲೋಟ ಮಜ್ಜಿಗೆ ಇಟ್ಟು ಹೋಗುತ್ತಿದ್ದಳು.

ಗುರುವಾರ ಮಧ್ಯಾಹ್ನ ಉರಿ ಏರಿಸುವ ಹೊತ್ತು. ಸೋಮಯ್ಯ ಬರುವುದರೊಳಗೆ ಮುಗಿಸಿ ತೋರಿಸಬೇಕು ಅನ್ನುವ ಆತುರದಲ್ಲಿ ಒಲೆಗೆ ಸೌದೆ ತುಂಬಿದೆ. ಹಬೆ ಹೊರಹೋಗಲು ಗೋಡೆಯ ಗಾಳಿಕಿಂಡಿ ತೆಗೆಯುವುದು ಮರೆತೇ ಹೋಯಿತು. ಕಾವು ಏರುತ್ತಿದೆಯಲ್ಲ ಅಂತ ಖುಷಿಯಿಂದ ಕೂತಿದ್ದೆ.

ಅಡುಗೆಮನೆಯಿಂದ ಅವ್ವ ಸೌಟು ಹಿಡಿದೇ ಓಡಿಬಂದಳು. “ಲೇ ಮೂದೇವಿ! ಮುಚ್ಚಳ ಮುಚ್ಚಿ ಬೇಯಿಸಿದ ದಂಟಿನ ಸೊಪ್ಪಿನ ವಾಸ್ನೆ ಬತ್ತಾ ಅದೆ ಕಣೇ! ಮುಚ್ಚಳ ತೆಗಿಯೇ!”

ಬೆಂಕಿ ಕೆಲಸ ಅವಳಿಗೆ ಏನೂ ಗೊತ್ತಿರಲಿಲ್ಲ. ಪಾತ್ರೆ ಮುಚ್ಚಿ ಬೇಯಿಸಿದರೆ ಸೊಪ್ಪಿನ ಬಣ್ಣ ಹೋಗುತ್ತದೆ ಅನ್ನುವುದು ಗೊತ್ತಿತ್ತು. ನಾನು ಎದ್ದುಬಿದ್ದು ಕಿಂಡಿಗಳನ್ನೆಲ್ಲ ತೆಗೆದೆ. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಒಲೆಯಿಂದ ಕೊಳ್ಳಿ ಎಳೆದು ಹಾಕಿದೆ. ಇಣುಕಿ ನೋಡಿದರೆ ಕೆಳಗಿನ ಸಾಲು ಕಂದಿ ಕರ್ರಗಾಗಿತ್ತು. ಮೇಲಿನವು ಉಳಿದಿದ್ದವು.

ಅಳುತ್ತಾ ಜಗಲಿಗೆ ಬಂದೆ. ಅಪ್ಪ ಸೂರು ನೋಡುತ್ತಾ ಮಲಗಿದ್ದ.

“ನಿಮಗೆ ವಾಸ್ನೆ ಬರ್ನಿಲ್ವಾ?” ಅವ್ವ ಕೇಳಿದಳು.

“ಬಂತು.”

“ಬಂದ್ರೂ ಸುಮ್ಕೆ ಬಿದ್ಕಂಡಿದ್ರಾ?”

“ಅವಳೇ ಕಂಡ್ಕತಾಳೆ ಅಂತ ಕಾಯ್ತಿದ್ದೆ.”

“ನೀವು ಕಾಯ್ತಾ ಇರಿ, ಮನೆ ಅತ್ತಿ ಉರೀಲಿ!” ಸೌಟು ಅವನ ಮೂಗಿನ ಹತ್ತಿರ ಹೋಗಿ ವಾಪಸ್ಸು ಬಂತು. ಹಾಸಿಗೆಯಂಚನ್ನು ಬಿಗಿಯಾಗಿ ಹಿಡಿದಿದ್ದ ಅವನ ಕೈ ಆಗ ಸಡಿಲವಾಯಿತು. ಎದ್ದು ಓಡಲಾರದೆ, ಕೂಗಲೂ ಒಪ್ಪದೆ, ಅವನು ಆ ಹೊತ್ತು ಹೇಗೆ ಕಳೆದಿದ್ದ ಅಂತ ಆ ಕೈ ನೋಡಿ ನನಗೆ ಗೊತ್ತಾಯಿತು.

ಮಾರನೇ ಬೆಳಿಗ್ಗೆ ಸೋಮಯ್ಯ ಟವಲು ಕೊಡವಿಕೊಂಡು ಬಂದ. ನಾನು ಒಲೆ ಮುಂದಿನಿಂದ ಎದ್ದು ಪಕ್ಕಕ್ಕೆ ನಿಂತೆ. ಕೆಟ್ಟ ಸಾಲು ಅವನಿಗೂ ಕಾಣುತ್ತದೆ. ಇನ್ನು ಈ ಒಲೆ ನನಗೆ ಸಿಗುವುದಿಲ್ಲ ಅಂದುಕೊಂಡೆ.

ಅವ್ವ ಅವನ ಕೈಗೆ ಕಾಪಿ ಕೊಟ್ಟಳು. “ಸೋಮಣ್ಣ, ತಪ್ಪು ತಿಳ್ಕಬ್ಯಾಡ. ಕಾಪಿ ಕುಡ್ಕಂಡು ಓಗು. ನಮ್ಮುಡುಗಿ ನೋಡ್ಕತಾಳೆ.”

“ಕೆಳಗಡೆ ಕಂದ್ಬುಟ್ಟದಲ್ಲ ಚಿಕ್ಕಬೀರಕ್ಕ?”

“ಕಂದ್ಲಿ. ನೀನು ಕಲಿಯೋವಾಗ ನಿಮ್ಮಪ್ಪನ ಬ್ಯಾರನ್ನೇ ಸುಟ್ಟಿರ್ನಿಲ್ವಾ? ನಾವೇನಾರ ಊರೆಲ್ಲ ಏಳ್ಕಂಡು ಬಂದ್ವಾ?”

ಸೋಮಯ್ಯ ನಕ್ಕು, ಕಾಪಿ ಕುಡಿದು, ಹೊರಟುಹೋದ. ಅವನು ತಿರುವು ದಾಟುತ್ತಿದ್ದಂತೆ ಅವ್ವ ನನ್ನ ಕಡೆ ತಿರುಗಿದಳು. “ಏನ್ ನಿಂತ್ಕಂಡಿದ್ದೀಯೆ ಗರ ಬಡ್ದವಳ ಅಂಗೆ? ಉರಿ ನೋಡೋಗು!”

ಭಾನುವಾರ ಬ್ಯಾರನ್ನಿನ ಬಾಗಿಲು ತೆಗೆದೆವು. ಅಪ್ಪ ಮುರಿದ ಕಾಲು ನೆಲಕ್ಕೂರದೆ ಗೋಡೆ ಹಿಡಿದುಕೊಂಡು ಕುಂಟುತ್ತಾ ಬಂದು, ಒಂದು ಹಳದಿ ಎಲೆ ಮೂಸಿ ಅವ್ವನ ಕೈಗೆ ಕೊಟ್ಟ. ಅವಳು ಅದನ್ನು ನೋಡದೆ, ಸೆರಗಿನಿಂದ ನನ್ನ ಹಣೆಯ ಮಸಿ ಒರೆಸತೊಡಗಿದಳು, ಚರ್ಮ ಕಿತ್ತುಬರುವ ಹಾಗೆ.

“ಮುಂದ್ಲ ಬ್ಯಾರನ್ನಿಗೆ ಸೌದೆ ಎಷ್ಟು ಬೇಕವ್ವ?” ಅಪ್ಪ ಕೇಳಿದ. ಅಷ್ಟು ವರ್ಷದಲ್ಲಿ ಕೆಲಸದ ವಿಚಾರ ಅವನು ನನ್ನನ್ನು ಕೇಳಿದ್ದು ಅದೇ ಮೊದಲು.

ನಾನು ಲೆಕ್ಕ ಹಾಕಿ ಬಾಯಿ ತೆಗೆಯುವುದರೊಳಗೆ ಅವ್ವ, “ಎರಡು ಗಾಡಿ” ಅಂದುಬಿಟ್ಟಳು.