ನಕ್ಷೆಯಲ್ಲಿ ಹಸಿರು, ನೆಲದ ಮೇಲೆ ಸುಣ್ಣ

1.

ಬಜೆಟ್ಟಿನಿಂದ ಶುರುವಾಗುವ ಕಥೆಯನ್ನು ಯಾರು ಓದುತ್ತಾರೆ ಹೇಳಿ? ನಾನೂ ಓದುವುದಿಲ್ಲ. ಅದಕ್ಕೇ ಮೊದಲ ಡ್ರಾಫ್ಟನ್ನು ಹೊಳೆಯಿಂದ ಶುರು ಮಾಡಿದ್ದೆ: ಮಂಜು, ಕೊಕ್ಕರೆ, ಒಂದೂವರೆ ಪುಟ. ಅಷ್ಟಾದರೂ ಒಂದು ಪಾತ್ರವೂ ಬಾಯಿ ಬಿಡಲಿಲ್ಲವಾದ್ದರಿಂದ ಹರಿದುಹಾಕಿದೆ. ಈಗ ಬಜೆಟ್ಟೇ ಗತಿ. ಸಹಿಸಿಕೊಳ್ಳಿ, ಒಂದೇ ಪ್ಯಾರಾ.

ಜಿಲ್ಲಾ ಪರಿಷತ್ತಿನ ಹೊಸ ಬಜೆಟ್ಟಿನಲ್ಲಿ 'ಭೂ ಸಂರಕ್ಷಣೆ' ಎಂಬ ಬಾಬ್ತು ಇದೆ. ಹೊಳೆ ಪಕ್ಕದ ತಗ್ಗು ಹುಲ್ಲುಗಾವಲನ್ನು ಪರಿಷತ್ತು ಕೊಂಡು, ಅಲ್ಲಿ ಯಾರೂ ಏನನ್ನೂ ಕಟ್ಟದಂತೆ ಹಾಗೇ ಬಿಡಬೇಕೆಂಬುದು ಅದರ ಸಾರಾಂಶ. ಹೊಳೆ ಉಕ್ಕಿದಾಗ ನೀರು ಅಲ್ಲಿ ಹರಡಿ ಇಂಗುತ್ತದೆ. ಅಲ್ಲಿ ಮನೆಗಳೆದ್ದರೆ ಕೆಳಗಿನ ಪೇಟೆಗೆ ನುಗ್ಗುತ್ತದೆ. ಇದನ್ನು ಬರೆದವಳು ಯೋಜನಾಧಿಕಾರಿ. ನಕ್ಷೆಯಲ್ಲಿ ಆ ಹುಲ್ಲುಗಾವಲಿಗೆ ಹಸಿರು ಬಣ್ಣ ಹಾಕಿದವಳೂ ಅವಳೇ. ಹುಲ್ಲುಗಾವಲಿನ ಒಡೆಯ ಅವಳ ಅಣ್ಣ.

(ನೋಡಿದಿರಾ, ಬಜೆಟ್ಟಿನೊಳಗೂ ಕಥೆ ಇರುತ್ತದೆ.)

2.

ಅಣ್ಣ ಹಾಲಿನ ವ್ಯಾಪಾರದವನು. ಮದುವೆಯಾದ ಮಗಳು ಕಣ್ಣೆದುರಿಗೇ ಇರಲಿ ಎಂದು ಹುಲ್ಲುಗಾವಲಿನ ಅಂಚಿನಲ್ಲಿ ಅವಳಿಗೊಂದು ಮನೆ ಕಟ್ಟಿಸಲು ಹೊರಟಿದ್ದ. ಸುಣ್ಣದ ಪುಡಿಯಲ್ಲಿ ಪಾಯದ ಗೆರೆ ಎಳೆದಾಗಿತ್ತು. ಅಡಿಗೆಮನೆ ಎಲ್ಲಿ, ಕಿಟಕಿ ಎಲ್ಲಿ ಎಂದು ಮಗಳು ಗೆರೆಗಳ ನಡುವೆ ಓಡಾಡಿ ತೋರಿಸಿದ್ದಳು. ಸೋದರತ್ತೆ ಬಂದರೆ ಉಳಿಯಲೆಂದು ಒಂದು ಕೋಣೆಯನ್ನೂ ಗೊತ್ತು ಮಾಡಿದ್ದಳು.

ಹಸಿರು ಬಣ್ಣದ ವಿಷಯ ಅಣ್ಣನಿಗೆ ತಿಳಿದದ್ದು ಪೇಪರಿನ ನೋಟಿಸ್ ಓದಿ. ನೋಟಿಸ್ ಬರುವವರೆಗೆ ಯಾವ ಮಾಲೀಕನಿಗೂ ಹೇಳಕೂಡದೆಂಬುದು ನಿಯಮ. ತಂಗಿ ನಿಯಮ ಪಾಲಿಸಿದಳು. ಭಾನುವಾರ ಅಣ್ಣನ ಮನೆಯಲ್ಲಿ ಊಟ ಮಾಡಿದಳು, ಪಾಯದ ಗೆರೆ ನೋಡಿದಳು, ಚೆನ್ನಾಗಿದೆ ಎಂದಳು.

ಹಾಗೆನ್ನುವಾಗ ಅವಳ ಗಂಟಲು ಕಟ್ಟಿತು ಎಂದು ಬರೆದಿದ್ದೆ. ಅವಳು ಹೊಡೆದುಹಾಕಿಸಿದಳು.

"ಗಂಟಲು ಕಟ್ಟಿದ್ರೆ ಅಣ್ಣನಿಗೆ ಗೊತ್ತಾಗ್ತಿತ್ತು. ನಾನು ಚೆನ್ನಾಗೇ ಮಾತಾಡ್ದೆ. ಅದೇ ಅಲ್ವಾ ತೊಂದ್ರೆ?"

4.

(ಮೂರನೆಯ ಭಾಗದಲ್ಲಿ ಒಬ್ಬ ಖಳ ಬಿಲ್ಡರ್ ಇದ್ದ. ಮಾಡಲು ಕೆಲಸವಿಲ್ಲದೆ ಸುಮ್ಮನೆ ಮೀಸೆ ತಿರುವುತ್ತಿದ್ದ. ಕಳಿಸಿಬಿಟ್ಟೆ.)

ಬಜೆಟ್ ಸಭೆಯ ದಿನ. ಮನೆಯವರ ಆಸ್ತಿಯ ವಿಷಯ ಬಂದಾಗ ಅಧಿಕಾರಿ ಸಭೆಯಲ್ಲಿರಬಾರದು. ಅವಳು ಎದ್ದು ಹೊರಗಿನ ಕಾರಿಡಾರಿಗೆ ಹೋದಳು. ನನಗೆ ಫಜೀತಿ: ನಾಯಕಿ ಹೊರಗೆ, ಕಥೆ ಒಳಗೆ. ಅವಳನ್ನು ಬಿಟ್ಟು ಒಳಗೇ ಉಳಿದೆ.

ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೈಕಿನ ಮುಂದೆ ನಿಂತ.

"ಅಲ್ಲಿ ನೀರು ನಿಲ್ಲೋದು ನಿಜ. ಚಿಕ್ಕೋರಿದ್ದಾಗ ನಾನೂ ನನ್ನ ತಂಗೀನೂ ಅದ್ರಲ್ಲೇ ಈಜು ಕಲ್ತಿದ್ದು. ಅವಳು ಬರ್ದಿದ್ದು ಸರಿಯಾಗೇ ಇದೆ. ಆದ್ರೆ ನಮ್ಮನೇಲಿ ಕೂತು ಊಟ ಮಾಡಿ ಹೋದ್ಲು, ಒಂದು ಮಾತು ಹೇಳ್ಲಿಲ್ಲ."

"ದಯವಿಟ್ಟು ವಿಷಯಕ್ಕೆ ಬನ್ನಿ," ಎಂದರು ಅಧ್ಯಕ್ಷರು.

"ಇದೇ ವಿಷಯ."

"ಇದು ಅಜೆಂಡಾದಲ್ಲಿಲ್ಲ."

"ಅದಕ್ಕೇ ಹೇಳ್ತಿದೀನಿ."

ಆಮೇಲೆ ಒಬ್ಬ ಸದಸ್ಯರು ಆ ಹಣವನ್ನು ರಸ್ತೆಗೆ ಹಾಕಿ ಎಂದರು. ಪೇಟೆಯ ದರ್ಜಿ ಎದ್ದು ನಿಂತ: "ಹೋದ ಮಳೇಲಿ ನೀರು ನನ್ನಂಗಡಿ ಮೆಟ್ಲವರೆಗೂ ಬಂದು ನಿಂತಿತ್ತು. ಅದ್ರ ಮೇಲೆ ಇನ್ನೊಂದು ಮೆಟ್ಲಿಲ್ಲ, ಅಂಗಡೀನೇ." ಕೂದಲೆಳೆ ಅಂತರದಲ್ಲಿ ಬಾಬ್ತು ಪಾಸಾಯಿತು. ಆದರೆ ಇದು ಒತ್ತಾಯದ ಖರೀದಿಯಲ್ಲ. ಅಣ್ಣ ಒಪ್ಪಿ ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

5.

ಮುಕ್ತಾಯ (ಅ): ಅಣ್ಣ ಕಣ್ಣೊರೆಸಿಕೊಂಡು ಸಹಿ ಹಾಕುತ್ತಾನೆ. ಓದಿದವರಿಗೆ ಸಕ್ಕರೆ ಕಾಯಿಲೆ ಬಂದರೆ ನಾನು ಹೊಣೆಯಲ್ಲ.

ಮುಕ್ತಾಯ (ಆ): ಸಹಿ ಹಾಕುವುದಿಲ್ಲ, ಪೇಟೆ ಮುಳುಗುತ್ತದೆ. ಇದನ್ನು ಪರಿಷತ್ತಿನ ಕರಪತ್ರಕ್ಕೆ ಕೊಟ್ಟುಬಿಡಬಹುದು.

ನಡೆದದ್ದು ಇಷ್ಟು. ಅಣ್ಣ ಕಾರಿಡಾರಿಗೆ ಬಂದ. ತಂಗಿ ಎದ್ದು ನಿಂತಳು.

"ಪಾಸಾಯ್ತು."

"ನಾನು ಆ ವಿಷಯ ಮಾತಾಡೋ ಹಾಗಿಲ್ಲ ಅಣ್ಣಾ."

"ಗೊತ್ತು ಬಿಡು. ಮಾತಾಡದೇ ಇರೋದ್ರಲ್ಲಿ ನೀನು ಎಕ್ಸ್‌ಪರ್ಟ್."

ಅವಳು ತಲೆ ತಗ್ಗಿಸಲಿಲ್ಲ. "ಬೈಯಿ," ಎಂದಳು.

"ಬೈದ್ರೆ ಏನ್ ಬಂತು? ಮಗಳಿಗೆ ಏನಂತ ಹೇಳ್ಲಿ? ನಿಮ್ಮತ್ತೆ ನಿನ್ನ ಅಡಿಗೆಮನೆ ಮೇಲೆ ಹಸಿರು ಬಣ್ಣ ಸುರಿದ್ಲು ಅಂತಾನಾ?"

"ನಾನೇ ಬಂದು ಹೇಳ್ತೀನಿ."

"ಏನಂತ?"

"ಗೊತ್ತಿಲ್ಲ."

ಅಣ್ಣ ಅವಳ ಮುಖವನ್ನೇ ನೋಡಿದ. ನಿಯಮದ ಪುಸ್ತಕದಲ್ಲಿ ಇಲ್ಲದ ಉತ್ತರವನ್ನು ಅವಳಿಂದ ಅವನು ಕೇಳಿದ್ದು ಬಹುದಿನದ ಮೇಲೆ. ತಿರುಗಿ ಹೊರಟ. ಅವಳು ಜೊತೆಗೂಡಲೆಂದು ನಿಧಾನವಾಗಿಯೇ ಹೊರಟ.

ನಾನು ಬಿಡುತ್ತೇನೆಯೇ? ಹಿಂದೆಯೇ ಓಡಿ, ಗೇಟಿನ ಹತ್ತಿರ ಅಡ್ಡ ನಿಂತೆ.

"ಸಹಿ ಹಾಕ್ತೀರೋ ಇಲ್ವೋ? ಓದುಗರು ಕಾಯ್ತಿದಾರೆ."

"ಕಾಯ್ಲಿ," ಎಂದ ಅಣ್ಣ, ಸ್ಕೂಟರ್ ಒದ್ದು ಸ್ಟಾರ್ಟ್ ಮಾಡುತ್ತಾ. "ನನ್ನ ಮಗಳನ್ನ ಇನ್ನೂ ಕೇಳಿಲ್ಲ."

ತಂಗಿ ಹಿಂದೆ ಕೂತು ಅಣ್ಣನ ಭುಜ ಹಿಡಿದುಕೊಂಡಳು. ನಾನೂ ಬರುತ್ತೇನೆ ಎಂದೆ. ಸ್ಕೂಟರಿನಲ್ಲಿ ಮೂರನೆಯವರಿಗೆ ಜಾಗವಿರಲಿಲ್ಲ.