ಜೋಡಿ ಫೋಟೋ

"ಇನ್ನೊಂಚೂರು ಎಡಕ್ಕೆ," ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಬಿಂದುಶ್ರೀ ಸಾಫ್ಟ್‌ಬಾಕ್ಸಿನ ಸ್ಟ್ಯಾಂಡನ್ನು ಎಳೆದಳು. ಬಿಳಿ ಬಟ್ಟೆ ಬಿಗಿದ ಆ ದೊಡ್ಡ ಪೆಟ್ಟಿಗೆಯ ಬೆಳಕು ಅಪ್ಪನ ಕೆನ್ನೆಯ ಮೇಲೆ ಓರೆಯಾಗಿ ಬಿತ್ತು. ಅಪ್ಪ ಗಂಗಹನುಮಯ್ಯ ಸತ್ತು ಒಂದು ದಿನ ಕಳೆದಿತ್ತು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ ಮಣ್ಣಿಗೆ ಹೊರಟವರು ದಾರಿಯಲ್ಲಿ ಅವನ ಸ್ಟುಡಿಯೋ ಮುಂದೆ ನಿಂತಿದ್ದರು. ಕೊರಟಗೆರೆ ಬಸ್ ಸ್ಟ್ಯಾಂಡಿನ ಹಿಂದೆ, ಒಂದು ಕಿಟಕಿಯೂ ಇಲ್ಲದ ಮಳಿಗೆ ಅದು. ಹೆಂಡತಿ ಗಂಗಲಕ್ಷ್ಮಮ್ಮ ಹಟ ಹಿಡಿದು ಕುರ್ಚಿಯನ್ನು ಒಳಗೆ ತರಿಸಿದ್ದಳು.

"ಒಂದೇ ಒಂದು ಫೋಟೋ ಕಣಣ್ಣ. ನಮ್ಮಿಬ್ರುದೂ ಅಂತ ಒಂದೂ ಇಲ್ಲ."

ತಾಲ್ಲೂಕಿನ ಅರ್ಧ ಜನರ ಮದುವೆ ಫೋಟೋ ತೆಗೆದವನ ಹೆಂಡತಿಯ ಮಾತು ಇದು! ಅವರ ಮದುವೆ ಆದದ್ದು ಸಾಮೂಹಿಕ ಮದುವೆಯಲ್ಲಿ. ಕ್ಯಾಮೆರಾದವನು ಇವರ ಸಾಲಿನ ತನಕ ಬರಲೇ ಇಲ್ಲ. ಆಮೇಲೆ ಕೇಳಿದಾಗಲೆಲ್ಲ ಗಂಗಹನುಮಯ್ಯ, "ಒಳ್ಳೆ ಲೈಟು ಬರ್ಲಿ ಇರೇ," ಎನ್ನುತ್ತಿದ್ದ. ಮೂವತ್ತು ವರ್ಷ ಹಾಗೇ ಅಂದ.

"ಐದು ನಿಮಿಷ ಅಷ್ಟೇಯ," ಎಂದ ಗಂಗಲಕ್ಷ್ಮಮ್ಮನ ಅಣ್ಣ ಅಂಜಿನಮೂರ್ತಿ. "ರಾಹುಕಾಲ ಬಂದ್ಬುಡ್ತದೆ. ಗುಂಡಿ ತಾವ ಜನ ಕಾಯ್ತಾವ್ರೆ."

*

ಎರಡು ವರ್ಷದ ಹಿಂದೆ ಗಂಗಹನುಮಯ್ಯ ಮಗಳನ್ನು ಇಲ್ಲೇ ಕೂರಿಸಿ, ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ತೆಗೆದಿದ್ದ. ಬಿಂದುಶ್ರೀ ಅಪ್ಪನ ಹಾಗೇ ಕಪ್ಪು. ಎಂದೂ ಯಾರಿಗೂ ಮಾಡದ ಕೆಲಸ ಅವನು ಅಂದು ಮಾಡಿದ. ಎರಡೆರಡು ಫ್ಲ್ಯಾಷನ್ನು ನೇರ ಮುಖಕ್ಕೆ ಹೊಡೆದ. ಹುಡುಗಿ ಸುಣ್ಣ ಬಳಿದಷ್ಟು ಬೆಳ್ಳಗೆ ಬಂದಳು. ಸಿರಾದಿಂದ ಗಂಡಿನವರು ಬಂದರು, ಹುಡುಗಿಯನ್ನು ನೋಡಿದರು, ಕಾಫಿಯನ್ನೂ ಮುಟ್ಟದೆ ಎದ್ದರು.

"ಫೋಟೋದಾಗಿದ್ದ ಹುಡುಗಿ ಎಲ್ರೀ?" ಎಂದು ಗಂಡಿನ ತಾಯಿ ಬಾಗಿಲಲ್ಲಿ ನಿಂತು ಕೇಳಿಯೇ ಹೋದಳು.

ಅಂದು ಸಂಜೆಯೇ ಅವನು ಫ್ಲ್ಯಾಷ್‌ಗಳನ್ನು ಯಾರಿಗೋ ಕೊಟ್ಟುಬಿಟ್ಟ. "ತಪ್ಪಾಯ್ತು ಕಣಮ್ಮ. ಇನ್ಮ್ಯಾಲೆ ಈ ಅಂಗ್ಡೀಲಿ ಯಾರ ಮುಖಕ್ಕೂ ಅದನ್ನ ಹೊಡೆಯಾಕಿಲ್ಲ," ಎಂದು ಮಗಳ ಮುಂದೆ ಅತ್ತ.

ಆಮೇಲೆ ಅಪ್ಪ ಮಗಳಿಬ್ಬರಿಗೂ ಲೈಟಿನ ಹುಚ್ಚು. ದೀಪಕ್ಕೆ ಸಿಕ್ಕಿಸುವ ಬಿಳಿ ಕೊಡೆ ತಂದರು, ಬೆಳಕು ಸಣ್ಣ ಮಳಿಗೆಯ ತುಂಬ ಚೆಲ್ಲಿ ಹಿಂದಿನ ಪರದೆಯ ಸುಕ್ಕೆಲ್ಲ ಎದ್ದು ಕಂಡಿತು. ದುಂಡನೆಯ ರಿಂಗ್ ಲೈಟ್ ತಂದರು. ಕೂತವರ ಕಣ್ಣೊಳಗೆ ಬಳೆ ಕಾಣಿಸಿತು. ಕೊನೆಗೆ ಹೋದ ವಾರ ಈ ಸಾಫ್ಟ್‌ಬಾಕ್ಸ್ ಬಂತು. ಒಳಗೆ ಸದಾ ಉರಿಯುವ ಎಲ್‌ಇಡಿ ದೀಪ. ಗಂಗಹನುಮಯ್ಯ ತನ್ನ ಕೈಯನ್ನೇ ಅದರ ಮುಂದೆ ತಿರುಗಿಸಿ ತಿರುಗಿಸಿ ನೋಡಿದ.

"ನೋಡಮ್ಮ, ಕಪ್ಪು ಕಪ್ಪಾಗೇ ಐತೆ, ಎಷ್ಟು ಸಂದಾಗೈತೆ! ಶುಕ್ರವಾರ ನಿಮ್ಮಮ್ಮನ್ನ ಕರ್ಕೊಂಬಾ. ಬೋಣಿ ನಮ್ದೇಯ."

ಬುಧವಾರ ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದ.

*

ಗಂಗಲಕ್ಷ್ಮಮ್ಮ ಗಂಡನ ಪಕ್ಕದ ಕುರ್ಚಿಯಲ್ಲಿ ಕೂತಳು. ನೆರೆಮನೆಯ ಕೆಂಚಮ್ಮ ಅವಳ ಸೆರಗು ಸರಿಮಾಡಿದಳು. ಬಿಂದುಶ್ರೀ ಕ್ಯಾಮೆರಾಗೆ ಕಣ್ಣಿಟ್ಟಾಗ ಅಪ್ಪ ಅಪ್ಪನ ಹಾಗೇ ಇದ್ದ, ಅಮ್ಮ ಅಮ್ಮನ ಹಾಗೇ ಇದ್ದಳು.

ಅಷ್ಟರಲ್ಲಿ ಕರೆಂಟ್ ಹೋಯಿತು.

"ಅಯ್ಯೋ ದ್ಯಾವ್ರೇ, ಈಗ್ಲೇ ಹೋಗ್ಬೇಕಾ!" ಎಂದಳು ಕೆಂಚಮ್ಮ. ಕಾದರು. ಐದು ನಿಮಿಷವಾಯಿತು, ಹತ್ತಾಯಿತು, ಬರಲಿಲ್ಲ. ಹೊರಗೆ ತಮಟೆಯವರೂ ಸುಮ್ಮನಾದರು. ಎದುರಿನ ಸ್ಟುಡಿಯೋದ ಕಿರಣ್ ಕುಮಾರ್ ತನ್ನ ಫ್ಲ್ಯಾಷ್ ಹಿಡಿದು ಓಡಿಬಂದ.

"ಅಕ್ಕ, ಬ್ಯಾಟ್ರಿದು. ಒಂದ್ಸಲ ಹೊಡೆದ್ರೆ ಮುಗೀತು."

ಬಿಂದುಶ್ರೀಯ ಕೈ ಅದರತ್ತ ಹೋಗಿ ಹಿಂದೆ ಬಂತು. "ಬ್ಯಾಡ. ಅಪ್ಪ ಬ್ಯಾಡ ಅಂದಿತ್ತು."

"ಹೊಡಿಯಮ್ಮ ಅತ್ಲಾಗೆ!" ಅಂಜಿನಮೂರ್ತಿ ರೇಗಿದ. "ಸತ್ತೋನ್ಗೆ ಯಾವ್ ಲೈಟಾದ್ರೇನು?"

"ಸತ್ತೈತೆ ಅಂತ್ಲೇ ಮಾವ. ಇನ್ನೊಂದ್ಸಲ ತೆಗೆಯಾಕೆ ಆಯ್ತದಾ?" ಎಂದವಳೇ ಬಾಗಿಲ ಕಡೆ ತಿರುಗಿದಳು.

ರೋಲಿಂಗ್ ಶಟರನ್ನು ಪೂರ್ತಿ ಮೇಲೆತ್ತಿಸಿದಳು. ಬೀದಿಯಲ್ಲಿ ನೆತ್ತಿಯ ಬಿಸಿಲು ಫ್ಲ್ಯಾಷಿನ ಹಾಗೇ ಮುಖಕ್ಕೆ ಹೊಡೆಯುತ್ತಿತ್ತು; ಒಳಗೆ ಕುರ್ಚಿಗಳ ತನಕ ಬರುವಷ್ಟರಲ್ಲಿ ಆ ಬೆಳಕು ಸೋತು ಹೋಗಿತ್ತು. ಕ್ಯಾಮೆರಾ ಹಳೆಯದು. ಇಷ್ಟು ಮಂಕಿನಲ್ಲಿ ಅದರ ಕಣ್ಣು ಎರಡು ಸೆಕೆಂಡು ತೆರೆದಿರಬೇಕು, ಎದುರಿಗಿರುವವರು ಅಷ್ಟು ಹೊತ್ತೂ ಕದಲಬಾರದು. ಅವಳು ಅಮ್ಮನ ಮುಂದೆ ಮಂಡಿಯೂರಿದಳು.

"ಅಮ್ಮ, ಉಸಿರು ಬಿಗಿ ಹಿಡ್ಕೊ. ಅಲುಗ್ಬ್ಯಾಡ. ಅಳ್ಬ್ಯಾಡ ಕಣಮ್ಮ, ನಿನ್ ಕಾಲಿಗ್ ಬೀಳ್ತೀನಿ."

ಗಂಗಲಕ್ಷ್ಮಮ್ಮ ತುಟಿ ಕಚ್ಚಿ ತಲೆಯಾಡಿಸಿದಳು. ಬಿಂದುಶ್ರೀ ಟ್ರೈಪಾಡಿನ ಹಿಂದೆ ಹೋಗಿ ಬಟನ್ ಒತ್ತಿದಳು. ಒಂದು. ಎರಡು.

"ಸಾಕು, ಎತ್ರುಲಾ!" ಎಂದ ಅಂಜಿನಮೂರ್ತಿ.

"ಮಾವ, ಇನ್ನೊಂದು..." ಎನ್ನುವಷ್ಟರಲ್ಲಿ ನಾಲ್ಕು ಜನ ಕುರ್ಚಿ ಹಿಡಿದೆತ್ತಿದ್ದರು. ತಮಟೆ ಮತ್ತೆ ಶುರುವಾಯಿತು.

"ಬಂತಾ ಮಗ? ನಾವಿಬ್ರೂ ಬಂದ್ವಾ?" ಗಂಗಲಕ್ಷ್ಮಮ್ಮ ಕಣ್ಣೊರೆಸಿಕೊಂಡು ಕ್ಯಾಮೆರಾಗೆ ಕೈ ಚಾಚಿದಳು.

ಬಿಂದುಶ್ರೀ ಸ್ಕ್ರೀನು ನೋಡಿದಳು. ಅಪ್ಪ ಬಂದಿದ್ದ. ಗಲ್ಲದ ಒಂದೊಂದು ಬಿಳಿ ಕೂದಲೂ ಎಣಿಸುವ ಹಾಗೆ ಬಂದಿತ್ತು, ಅವನೊಬ್ಬನೇ ಕದಲಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಒಂದು ಹಸಿರು ಸೀರೆ, ಅದರ ಮೇಲೆ ಮುಖವಿರಬೇಕಾದ ಜಾಗದಲ್ಲಿ ಹೊಗೆಯಷ್ಟು ಕಲೆ.